ಗಂಗಾವತಿ ಕಡೆಯ ಗುಂಡುಕಲ್ಲಿನ ಗುಡ್ಡಕ್ಕೆ ಕೆಲಸಕ್ಕೆ ಬರುವ ನಕ್ಷೆ ಮಾಡೋದು ಹೇಗೆ?

ಗುಡ್ಡದೂರಿನವ (ಗಂಗಾವತಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಸರ್ವೇ ಕೆಲಸ ಗೊತ್ತಿರುವವರು ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮೂರು ಹಿರೇಬೆಣಕಲ್ ಗುಡ್ಡದ ಸಾಲಿಗೆ ಹತ್ತಿರ. ಊರ ಹಿಂದಿನ ಗುಡ್ಡದ ಬುಡದಲ್ಲಿ ಗೋಮಾಳ, ಮೇಲೆ ಅರಣ್ಯ ಇಲಾಖೆಯ ಜಾಗ. ನಮ್ಮ ಮನೆಯಲ್ಲಿ ಕುರಿ ಇವೆ. ಅಪ್ಪ ಈಗಲೂ ಅವನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಾರೆ. ನಾನು ಬಿಎಸ್ಸಿ ಮುಗಿಸಿ ಊರಲ್ಲೇ ಇದ್ದೇನೆ.

ಉದ್ಯೋಗ ಖಾತ್ರಿಯಲ್ಲಿ ಆ ಗುಡ್ಡದ ಇಳಿಜಾರಿಗೆ ನೀರು ಇಂಗಿಸುವ ಕಂದಕ ತೋಡಬೇಕು, ಹಳ್ಳಕ್ಕೆ ಸಣ್ಣ ತಡೆಗಟ್ಟೆ ಹಾಕಬೇಕು ಅಂತ ಮಾತು ನಡೆದಿದೆ. ಅದಕ್ಕಾಗಿ ಪಂಚಾಯ್ತಿಗೆ ಒಂದು ಕಾಂಟೂರ್ ನಕ್ಷೆ (ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿದ್ದು) ಬಂದಿದೆ. ಉಪಗ್ರಹದ ಎತ್ತರದ ಡೇಟಾ ಹಾಕಿ ಕಂಪ್ಯೂಟರಿನಲ್ಲೇ ತೆಗೆದದ್ದು. ನೋಡೋಕೆ ಚೆನ್ನಾಗಿದೆ. ಆದರೆ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಅಪ್ಪನ ಜೊತೆ ಗುಡ್ಡ ಹತ್ತಿದರೆ ನಕ್ಷೆಗೂ ನೆಲಕ್ಕೂ ತಾಳೆಯೇ ಆಗುವುದಿಲ್ಲ. ನಕ್ಷೆಯಲ್ಲಿ ಸಲೀಸಾದ ಇಳಿಜಾರು ಇರುವ ಕಡೆ ಆರೇಳು ಮೀಟರ್ ಎತ್ತರದ ಗುಂಡುಗಳು ಒಂದರ ಮೇಲೊಂದು ಕೂತಿವೆ. ಕಂದಕ ಅಂತ ಗೆರೆ ಎಳೆದ ಜಾಗದಲ್ಲಿ ಬರೀ ಹಾಸುಬಂಡೆ. ಕುರಿ ಹತ್ತಿಸುವ ಸಂದಿಗಳು ಇಲ್ಲ. ಬೇಸಿಗೆಯಲ್ಲೂ ಸ್ವಲ್ಪ ದಿನ ನೀರು ಹಿಡಿದಿಡುವ ದೊಣೆಗಳು ಇಲ್ಲ. ಈ ನಕ್ಷೆ ನಂಬಿ ಕೆಲಸ ಶುರುವಾದರೆ ಕೂಲಿಯೂ ದಂಡ, ಗುಡ್ಡಕ್ಕೂ ಗಾಯ ಅನ್ನೋದು ನನ್ನ ಭಯ.

ಕೇಳಬೇಕಾದ್ದು ಇಷ್ಟು. ಜಾಸ್ತಿ ದುಡ್ಡಿಲ್ಲದೆ ಇದಕ್ಕಿಂತ ಒಳ್ಳೆಯ ನಕ್ಷೆ ನಾವೇ ಮಾಡಬಹುದಾ? ಹಳೆಯ ಟೋಪೋಶೀಟ್ (ಸರ್ವೇ ಆಫ್ ಇಂಡಿಯಾದ ನಕ್ಷೆ ಹಾಳೆ) ನಂಬಬೇಕಾ, ಉಪಗ್ರಹದ್ದು ನಂಬಬೇಕಾ? ಇನ್ನೊಂದು, ಟೋಪೋಶೀಟಿನಲ್ಲಿ ಬರೆದ ಎತ್ತರಕ್ಕೂ ನನ್ನ ಫೋನಿನ ಆ್ಯಪ್ ತೋರಿಸುವ ಎತ್ತರಕ್ಕೂ 80 ಮೀಟರಿನಷ್ಟು ವ್ಯತ್ಯಾಸ ಬರುತ್ತಿದೆ. ಫೋನ್ ಕಡಿಮೆ ತೋರಿಸುತ್ತದೆ. ಯಾಕೆ?

ಹಳೇ ಮೋಜಣಿದಾರ (ರಾಯಚೂರು):

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಾನು ಸರ್ವೇ ಕೆಲಸದಲ್ಲೇ ಇದ್ದು ನಿವೃತ್ತನಾದವನು. 1997ಕ್ಕೆ ಮುಂಚೆ, ಕೊಪ್ಪಳ ಇನ್ನೂ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದಾಗ, ನಿಮ್ಮ ಕಡೆಯ ಗುಡ್ಡಗಳ ಬುಡದಲ್ಲಿ ಸರಪಳಿ ಎಳೆದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ಮೊದಲು ಆ 80 ಮೀಟರ್. ಅದು ಫೋನಿನ ತಪ್ಪಲ್ಲ. ಟೋಪೋಶೀಟಿನ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದು. ಜಿಪಿಎಸ್ ಅಳೆಯುವುದು ಲೆಕ್ಕದಲ್ಲಿ ಮಾಡಿಕೊಂಡ ಒಂದು ನುಣುಪಾದ ಭೂಗೋಳದ ಮೇಲಿಂದ. ನಮ್ಮ ದಕ್ಷಿಣ ಭಾರತದಲ್ಲಿ ಭೂಮಿಯ ಸೆಳೆತ ಕಡಿಮೆ ಇರುವುದರಿಂದ ನಿಜವಾದ ಸಮುದ್ರ ಮಟ್ಟ ಆ ನುಣುಪು ಗೋಳಕ್ಕಿಂತ ಕೆಳಗೆ ಕೂತಿದೆ. ನಿಮ್ಮ ಕಡೆ ಅದು ಸುಮಾರು 80 ಮೀಟರ್. ಕೆಲವು ಆ್ಯಪ್‌ಗಳು ಇದನ್ನು ತಿದ್ದಿ ತೋರಿಸುತ್ತವೆ, ಕೆಲವು ಹಾಗೇ ತೋರಿಸುತ್ತವೆ. ನಿನ್ನದು ಹಾಗೇ ತೋರಿಸುವುದು. ಎರಡು ಕಡೆಯ ಎತ್ತರವನ್ನು ಒಂದೇ ನಕ್ಷೆಯಲ್ಲಿ ಬೆರೆಸಬೇಡ, ಅಷ್ಟೇ.

ಇನ್ನು ಪಂಚಾಯ್ತಿಗೆ ಬಂದ ನಕ್ಷೆ. ಅದನ್ನು ಮಾಡಿದವರು ಬಹುಶಃ ಎಸ್‌ಆರ್‌ಟಿಎಂ ಡೇಟಾ ಬಳಸಿರುತ್ತಾರೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತಿ ರೇಡಾರಿನಿಂದ ಅಳೆದದ್ದು. ಇಲ್ಲವೇ ನಮ್ಮ ಕಾರ್ಟೊಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ್ದು, ಅದು ಇಸ್ರೋದ ಭುವನ್ ಜಾಲತಾಣದಲ್ಲಿ ಸಿಗುತ್ತದೆ. ಎರಡರಲ್ಲೂ ಪುಕ್ಕಟೆ ಸಿಗುವುದು 30 ಮೀಟರ್ ಚೌಕದ ಲೆಕ್ಕ. 30 ಗುಣಿಸು 30 ಅಂದರೆ 900 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 9 ಗುಂಟೆಗೆ ಒಂದೇ ಒಂದು ಎತ್ತರ. ಆ 9 ಗುಂಟೆಯೊಳಗೆ ಎಷ್ಟು ಗುಂಡು, ಎಷ್ಟು ಸಂದಿ ಇದ್ದರೂ ಎಲ್ಲ ಕಲಸಿ ಒಂದು ಅಂಕಿ. ಅದರ ಮೇಲೆ ಕಂಪ್ಯೂಟರ್ 5 ಮೀಟರ್ ಅಂತರಕ್ಕೂ ಕಾಂಟೂರ್ ಎಳೆದು ಕೊಡುತ್ತದೆ, 2 ಮೀಟರಿಗೂ ಎಳೆದು ಕೊಡುತ್ತದೆ. ಗೆರೆ ಜಾಸ್ತಿ ಆದ ಮಾತ್ರಕ್ಕೆ ಅಳತೆ ಜಾಸ್ತಿ ಆಗಲಿಲ್ಲ. ನುಣ್ಣಗಿನ ಗೆರೆ ನೋಡಿ ಜನ ನಂಬಿಬಿಡುತ್ತಾರೆ. ಇದು ನನಗೆ ಬಹಳ ಬೇಸರ ತರುವ ವಿಷಯ.

ಟೋಪೋಶೀಟಿಗೆ ಬರೋಣ. ನಿಮ್ಮ ಗುಡ್ಡ ಬರುವುದು 57 ಎ/7 ಸಂಖ್ಯೆಯ ಹಾಳೆಯಲ್ಲಿ. ಹಂಪಿ, ಆನೆಗೊಂದಿಯೂ ಅದರಲ್ಲೇ. ಹೊಸ ಸರಣಿಯಲ್ಲಿ ಅದಕ್ಕೆ ಡಿ43ಇ7 ಅಂತ ಸಂಖ್ಯೆ. ಗಂಗಾವತಿ ಪಟ್ಟಣ ಪಕ್ಕದ 57 ಎ/11ಕ್ಕೆ ಹೋಗುತ್ತದೆ. ಸರ್ವೇ ಆಫ್ ಇಂಡಿಯಾದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಹೊಸ ಸರಣಿಯ ಹಾಳೆ ಸಿಗುತ್ತದೆ. ಅದು 1:50,000ರದ್ದು. ಹಾಳೆ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಕಾಂಟೂರ್ ಅಂತರ 20 ಮೀಟರ್. ಹಾಗಾಗಿ 15 ಮೀಟರ್ ಎತ್ತರದ ಗುಂಡಿನ ರಾಶಿಯೂ ಎರಡು ಗೆರೆಗಳ ನಡುವೆ ಪೂರ್ತಿ ಅಡಗಿ ಹೋಗಬಹುದು.

ಆದರೂ ಆ ಹಾಳೆಗಳನ್ನು ನಾನು ತಲೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ಮೂಲದಲ್ಲಿ ಅದನ್ನು ಮಾಡಿದವರು ನಡೆದು ನೋಡಿದ್ದಾರೆ. ಕೆರೆ ಏರಿಯ ಪಕ್ಕ 6ಆರ್ ಅಂತ ಸಣ್ಣದಾಗಿ ಬರೆದಿರುತ್ತದೆ ನೋಡು. ಅಂದರೆ ಆ ಏರಿ ಸುತ್ತಲಿನ ನೆಲದಿಂದ 6 ಮೀಟರ್ ಎತ್ತರ. ಬೇಸಿಗೆಯಲ್ಲಿ ಒಣಗುವ ಹಳ್ಳ ಕಪ್ಪು ಗೆರೆ, ನೀರಿರುವುದು ನೀಲಿ. ನಿಮ್ಮ ಹಾಳೆಯಲ್ಲಿ ತುಂಗಭದ್ರೆ, ಕಾಲುವೆ, ಕೆರೆ ಬಿಟ್ಟರೆ ಗುಡ್ಡದ ಕಡೆ ಬಹುಪಾಲು ಕಪ್ಪೇ. ಬಂಡೆ ತೋರಿಸಲು ಬೇರೆ ಗುರುತು ಇದೆ. ಗುಡ್ಡದ ತುದಿಯಲ್ಲಿ ತ್ರಿಕೋನ ಇದ್ದರೆ ಅಲ್ಲಿ ನಿಂತು ಥಿಯೋಡಲೈಟ್ ಇಟ್ಟು ಕೋನ ಅಳೆದಿದ್ದಾರೆ ಅಂತ ಅರ್ಥ. 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ ತ್ರಿಕೋನ ಸರ್ವೇಯಿಂದ ಬೆಳೆದು ಬಂದ ಕೆಲಸ ಅದು.

ಒಂದು ಎಚ್ಚರ. ಹಳೆಯ ಸರಣಿಯ ಹಾಳೆ ಎವರೆಸ್ಟ್ ಅನ್ನುವ ಹಳೆಯ ಭೂಗೋಳ ಮಾದರಿಯ ಲೆಕ್ಕದ್ದು. ಅದರ ಅಕ್ಷಾಂಶ ರೇಖಾಂಶವನ್ನು ನೇರವಾಗಿ ಜಿಪಿಎಸ್ ಮೇಲೆ ಕೂರಿಸಿದರೆ ನೂರು ಮೀಟರಿಗೂ ಜಾಸ್ತಿ ಸರಿದು ಬೀಳುತ್ತದೆ. 2005ರ ನಕ್ಷೆ ನೀತಿಯ ನಂತರದ ಹೊಸ ಸರಣಿ ಜಿಪಿಎಸ್ ಲೆಕ್ಕದಲ್ಲೇ ಇದೆ.

ಈಗ ನಿನ್ನ ಗುಡ್ಡ. ಅಲ್ಲಿನ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದಿಂದ ಉತ್ತರಕ್ಕೆ ಉದ್ದಕ್ಕೂ ಬಂದಿರುವ ಕಲ್ಲಿನ ಪಟ್ಟಿ. ಸುಮಾರು 250 ಕೋಟಿ ವರ್ಷ ಹಳೆಯದು. ಅಡ್ಡಡ್ಡ, ಉದ್ದುದ್ದ ಸೀಳಿ, ಸೀಳಿನೊಳಗೆ ನೀರು ಇಳಿದು, ಮೂಲೆಗಳು ಸವೆದು ಗುಂಡಾಗಿವೆ. ಮಣ್ಣು ತೊಳೆದು ಹೋಗಿ ಗುಂಡು ಮಾತ್ರ ಉಳಿದಿದೆ. ಇದರಿಂದ ನಿನ್ನ ಕೆಲಸಕ್ಕೆ ಆಗುವ ದೊಡ್ಡ ತೊಡಕು ಏನು ಗೊತ್ತಾ? ನೀರು ಬಹಳ ಕಡೆ ಮೇಲ್ಮೈಯಲ್ಲಿ ಹರಿಯುವುದೇ ಇಲ್ಲ. ಗುಂಡಿನ ರಾಶಿಯ ಅಡಿಗೆ ನುಗ್ಗಿ, ಎಲ್ಲೋ ಕೆಳಗೆ, ಪಕ್ಕದ ಸಂದಿಯಲ್ಲಿ ಹೊರಗೆ ಬರುತ್ತದೆ. ಎಷ್ಟೇ ಒಳ್ಳೆಯ ಕಾಂಟೂರ್ ಇರಲಿ, ಅದು ಕಲ್ಲಿನ ಬೆನ್ನಿನ ಆಕಾರ ಹೇಳುತ್ತದೆಯೇ ಹೊರತು ಹೊಟ್ಟೆಯೊಳಗಿನ ದಾರಿ ಹೇಳುವುದಿಲ್ಲ. ಕಂಪ್ಯೂಟರ್ ಹಳ್ಳದ ಗೆರೆಯನ್ನು ಇಳಿಜಾರಿನ ಲೆಕ್ಕದಿಂದ ಎಳೆಯುತ್ತದೆ. ಅಲ್ಲಿ ತಡೆಗಟ್ಟೆ ಕಟ್ಟಿದರೆ ಒಂದು ಹನಿಯೂ ನಿಲ್ಲದೆ ಹೋಗಬಹುದು. ಜೋರು ಮಳೆ ನಿಂತ ಮೇಲೆ, ಅದೇ ದಿನ, ಗುಡ್ಡದ ಬುಡ ಸುತ್ತಬೇಕು. ನೀರು ಎಲ್ಲೆಲ್ಲಿ ಹೊರಗೆ ಬರುತ್ತಿದೆಯೋ ಅಲ್ಲಲ್ಲಿ ಗುರುತು ಹಾಕಬೇಕು. ನಿಮ್ಮಪ್ಪನಿಗೆ ಆ ಜಾಗಗಳು ಈಗಾಗಲೇ ಗೊತ್ತಿರುತ್ತವೆ.

ಹಾಗಾಗಿ ನಕ್ಷೆಯನ್ನು ಎರಡು ಪದರವಾಗಿ ಮಾಡು. ಅಡಿ ಪದರ ಗುಡ್ಡದ ಒಟ್ಟು ಆಕಾರ. ಅದಕ್ಕೆ ಉಪಗ್ರಹದ ಡೇಟಾ ಸಾಕು, 20 ಮೀಟರ್ ಕಾಂಟೂರ್ ಸಾಕು, ಅದಕ್ಕಿಂತ ಸಣ್ಣದು ಎಳೆಯಬೇಡ. ಮೇಲಿನ ಪದರ ನಿಮ್ಮ ಕಾಲಿನದು. ಹಾಸುಬಂಡೆ ಎಲ್ಲಿಂದ ಎಲ್ಲಿಗೆ, ಮಣ್ಣು ಎಲ್ಲಿ ಹಾರೆಗೆ ಸಿಗುತ್ತದೆ, ದೊಣೆ ಎಲ್ಲಿ, ಯಾವ ಸಂದಿಯಲ್ಲಿ ಕುರಿ ಹೋಗುತ್ತದೆ, ಯಾವುದರಲ್ಲಿ ಮನುಷ್ಯ ಮಾತ್ರ ತೂರಬಹುದು. ಪ್ರತಿ ದೊಣೆಗೂ ಯಾವ ತಿಂಗಳವರೆಗೆ ನೀರಿರುತ್ತದೆ ಅಂತ ಬರೆ. ಆ ಮಾಹಿತಿ ಯಾವ ಉಪಗ್ರಹವೂ ಕೊಡುವುದಿಲ್ಲ.

ಗುಂಡುಗಳ ಸಂದಿಯಲ್ಲಿ ಆಕಾಶ ಕಾಣುವುದು ಕಡಿಮೆ. ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಫೋನಿನ ಜಿಪಿಎಸ್ ಅಲ್ಲಿ ಹತ್ತಾರು ಮೀಟರ್ ತಪ್ಪುತ್ತದೆ. ಅದಕ್ಕೆ ಹಳೆಯ ಪದ್ಧತಿ ಒಳ್ಳೆಯದು. ಬಯಲಾಗಿರುವ ಎರಡು ಎತ್ತರದ ಬಂಡೆ ಆರಿಸಿಕೋ. ಅಲ್ಲಿ ಜಿಪಿಎಸ್ ನಂಬಬಹುದು. ಎರಡೂ ಕಡೆಯಿಂದ ದಿಕ್ಸೂಚಿ ಹಿಡಿದು ಅದೇ ದೊಣೆಗೆ ದಿಕ್ಕು ನೋಡು, ಹಾಳೆಯಲ್ಲಿ ಎರಡು ಗೆರೆ ಎಳೆ, ಕೂಡುವ ಜಾಗವೇ ದೊಣೆ. ಪ್ಲೇನ್ ಟೇಬಲ್ (ಹಾಳೆ ಅಂಟಿಸಿದ ಹಲಗೆಯನ್ನು ನೆಲದಲ್ಲೇ ಇಟ್ಟು ನಕ್ಷೆ ಬರೆಯುವ) ಕೆಲಸದ ಜೀವಾಳ ಇದೇ. ಟೇಪು ಹಿಡಿದು ಇಳಿಜಾರಿನಲ್ಲಿ ಅಳೆದರೆ ಮಾತ್ರ ನೆನಪಿಡು, 30 ಡಿಗ್ರಿ ಇಳಿಜಾರಿನ 100 ಮೀಟರ್ ನಕ್ಷೆ ಮೇಲೆ 87 ಮೀಟರ್ ಅಷ್ಟೇ.

ಕಂದಕಕ್ಕೆ ಕಾಂಟೂರ್ ನಕ್ಷೆ ಬೇಕಾಗಿಯೇ ಇಲ್ಲ. ಮಣ್ಣಿರುವ ಜಾಗ ಗೊತ್ತಾದ ಮೇಲೆ ಅಲ್ಲೇ ಎ-ಫ್ರೇಮ್ (ಇಂಗ್ಲಿಷ್ A ಆಕಾರದ, ಮಟ್ಟ ನೋಡುವ ಚೌಕಟ್ಟು) ಇಟ್ಟು ಮಟ್ಟದ ಗೆರೆ ಹಾಕಿ. ಮೂರು ಬಿದಿರು, ಒಂದು ದಾರ, ಒಂದು ಕಲ್ಲು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಯೂ ಮಟ್ಟ ನೋಡಬಹುದು, ಮನೆ ಕಟ್ಟುವ ಗೌಂಡಿಗಳು ನೋಡುತ್ತಾರಲ್ಲ, ಹಾಗೆ.

ಇನ್ನು ಗಡಿಯ ವಿಷಯ ನೀನು ಕೇಳಿಲ್ಲ, ಆದರೆ ಬಂದೇ ಬರುತ್ತದೆ. ಗ್ರಾಮ ನಕ್ಷೆಯಲ್ಲಿ ಸರ್ವೇ ನಂಬರ್ ಇರುತ್ತದೆ, ಎತ್ತರ ಇರುವುದಿಲ್ಲ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೇ ನಂಬರ್ ಹೇಳುತ್ತದೆ, ಅಂದಾಜಿಗೆ ಸರಿ. ಗೋಮಾಳ ಎಲ್ಲಿ ಮುಗಿದು ಅರಣ್ಯ ಎಲ್ಲಿ ಶುರು ಅನ್ನುವುದನ್ನು ನಿನ್ನ ನಕ್ಷೆಯಲ್ಲಿ ಗಟ್ಟಿ ಗೆರೆಯಾಗಿ ಎಳೆಯಬೇಡ. ಅದು ಹದ್ದುಬಸ್ತು (ಸರ್ಕಾರಿ ಅಳತೆಯಿಂದ ಗಡಿ ಗುರುತು) ಮಾಡಿಸಿ, ಅರಣ್ಯದವರನ್ನೂ ಕರೆದು, ಬಾಂದು ಕಲ್ಲು ನೋಡಿ ತೀರ್ಮಾನ ಆಗಬೇಕಾದ್ದು.

ಗಣಿ ಸರ್ವೇ (ಸಂಡೂರು):

ಹಿರಿಯರು ಎಲ್ಲ ಹೇಳಿದ್ದಾರೆ. ನಾನು ಡ್ರೋನ್ ಬಗ್ಗೆ ಮಾತ್ರ ಸೇರಿಸುತ್ತೇನೆ, ನಮ್ಮ ಕೆಲಸ ಅದೇ.

ಸಂಡೂರಿನ ಅದಿರಿನ ಗುಡ್ಡಗಳು ಉದ್ದುದ್ದ ಏಣುಗಳು. ಅಲ್ಲಿ 1 ಮೀಟರ್ ಕಾಂಟೂರ್ ತೆಗೆದರೂ ಓದಲು ಬರುತ್ತದೆ. ನಿಮ್ಮ ಗುಂಡಿನ ಗುಡ್ಡದಲ್ಲಿ 1 ಮೀಟರ್ ತೆಗೆದರೆ ಪ್ರತಿ ಗುಂಡಿನ ಸುತ್ತಲೂ ಬಳೆ ಬಳೆಯಾಗಿ ಗೆರೆ ಸುತ್ತಿ ಹಾಳೆ ಕಪ್ಪಾಗುತ್ತದೆ. ಅದರ ಬದಲು ನೆರಳು ಹಾಕಿದ ಚಿತ್ರ ಮಾಡಿ, ಮೇಲೆ 5 ಮೀಟರ್ ಗೆರೆ ಹಾಕಿ. ಕುರಿ ಕಾಯುವವರಿಗೂ ಅದು ತಟ್ಟನೆ ಗುರುತು ಸಿಗುತ್ತದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾರಿಸುವಾಗ ಒಂದೇ ಎತ್ತರದಲ್ಲಿ ಹಾರಿಸಬೇಡಿ. ಬುಡದಲ್ಲಿ 100 ಮೀಟರ್ ಮೇಲಿರುವ ಡ್ರೋನ್ ಗುಡ್ಡದ ತುದಿಗೆ ಬಂದಾಗ ತೀರಾ ಹತ್ತಿರ ಆಗುತ್ತದೆ. ಚಿತ್ರಗಳು ಒಂದರ ಮೇಲೊಂದು ಬರುವುದು ಕಡಿಮೆಯಾಗಿ ತುದಿಯಲ್ಲೇ ತೂತು ಬೀಳುತ್ತದೆ. ನೆಲದ ಏರಿಳಿತ ಅನುಸರಿಸಿ ಹಾರಿಸಬೇಕು. ಚಿತ್ರಗಳು ಶೇ. 75-80ರಷ್ಟು ಒಂದರ ಮೇಲೊಂದು ಬರಬೇಕು. ಕಂಟ್ರೋಲ್ ಪಾಯಿಂಟಿಗೆ (ನೆಲದ ಮೇಲೆ ನಿಖರವಾಗಿ ಅಳೆದಿಟ್ಟ ಗುರುತು) ಬಂಡೆ ಮೇಲೆ ಸುಣ್ಣದಲ್ಲಿ ದೊಡ್ಡ ಕೂಡು ಗುರುತು ಹಾಕಿ, ಬಣ್ಣ ಬೇಡ, ಸುಣ್ಣ ಮಳೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದಾಗ, ನಡು ಮಧ್ಯಾಹ್ನ, ನೆರಳು ಕಡಿಮೆ ಇರುವಾಗ ಹಾರಿಸಿ. ಚಿತ್ರ ಜೋಡಿಸಲು ಓಪನ್‌ಡ್ರೋನ್‌ಮ್ಯಾಪ್, ನಕ್ಷೆಗೆ ಕ್ಯೂಜಿಐಎಸ್. ಎರಡೂ ಪುಕ್ಕಟೆ.

2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಆದರೆ ತೋರಣಗಲ್ಲಿನ ಹತ್ತಿರ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣ ಇದೆ. ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿಕೊಳ್ಳಿ. ಅರಣ್ಯದ ಜಾಗಕ್ಕೆ ಇಲಾಖೆಯ ಅನುಮತಿ ಬೇಕು. ಡ್ರೋನ್ ಗುಂಡಿನ ಅಡಿ ನೋಡಲಾರದು. ಸಂದಿ, ದೊಣೆಗೆ ಕಾಲ್ನಡಿಗೆಯೇ ಗತಿ.

ಸಿಂಧನೂರಿನವ (ಸದ್ಯ ನೆವಾಡಾ):

ನಾನು ಇರುವ ಕಡೆಯೂ ಎತ್ತರದ ಒಣ ನೆಲ. ಕಲ್ಲು, ಕುರುಚಲು, ಮೈಲುಗಟ್ಟಲೆ ಸರ್ಕಾರಿ ಜಾಗ. ನೆವಾಡಾದ ಮೂರನೇ ಎರಡರಷ್ಟು ನೆಲ ಒಂದೇ ಕೇಂದ್ರ ಇಲಾಖೆಯ ಕೈಯಲ್ಲಿದೆ, ಅದರಲ್ಲೇ ದನ ಕುರಿ ಮೇಯಿಸುವ ಪರವಾನಗಿ ಕೊಡುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ.

ಇಲ್ಲಿ 1:24,000 ಅಳತೆಯ ಹಾಳೆಗಳಿವೆ. ನಮ್ಮ 1:50,000ಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ವಿಮಾನದಿಂದ ಲೇಸರ್ ಹಾಯಿಸಿ ಅಳೆದ 1 ಮೀಟರ್ ಎತ್ತರದ ಡೇಟಾ ಕೂಡ ಎಷ್ಟೋ ಕಡೆಗೆ ಪುಕ್ಕಟೆ ಸಿಗುತ್ತದೆ. ಆದರೂ ಇಲ್ಲಿ ಗುಡ್ಡ ತಿರುಗುವವರು ಹಳೆಯ ಹಾಳೆಯ ಸ್ಕ್ಯಾನ್ ಜೊತೆಯಲ್ಲಿ ಇಟ್ಟುಕೊಳ್ಳುತ್ತಾರೆ. 2009ರಿಂದ ಬಂದ ಹೊಸ ಸರಣಿಯನ್ನು ಕಂಪ್ಯೂಟರಿನ ದತ್ತಾಂಶದಿಂದಲೇ ಜೋಡಿಸುತ್ತಾರೆ, ಜನ ನೆಲಕ್ಕೆ ಹೋಗಿ ನೋಡುವುದಿಲ್ಲ. ಪೈಪ್‌ಲೈನ್, ವಿದ್ಯುತ್ ತಂತಿ, ಸರ್ವೇ ಗುರುತು, ಎಷ್ಟೋ ಕಟ್ಟಡ, ಇವು ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲ. ಮೇಲೆ ಹಿರಿಯರು ಹೇಳಿದ ಎರಡು ಪದರದ ಮಾತು ಇಲ್ಲಿಗೂ ಸರಿ ಹೊಂದುತ್ತದೆ.

ಒಂದು ಸಲಹೆ. ಪ್ರತಿ ಗುರುತಿನ ಪಕ್ಕ ಯಾರು ನೋಡಿದರು, ಯಾವಾಗ ನೋಡಿದರು ಅಂತ ಬರೆಯಿರಿ. ಹತ್ತು ವರ್ಷದ ಮೇಲೆ ನಕ್ಷೆ ಹಿಡಿಯುವವರಿಗೆ ಅದು ಬಹಳ ದೊಡ್ಡ ಉಪಕಾರ.

ಗುಡ್ಡದೂರಿನವ:

ಎಲ್ಲರಿಗೂ ತುಂಬಾ ಧನ್ಯವಾದ. 9 ಗುಂಟೆಗೆ ಒಂದು ಎತ್ತರ ಅನ್ನೋ ಮಾತನ್ನು ಪಂಚಾಯ್ತಿಯಲ್ಲಿ ಹೇಳಿದೆ. ಎಲ್ಲರಿಗೂ ಅರ್ಥವಾಯಿತು. ಕಂದಕದ ಗೆರೆಗಳನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಅಪ್ಪನೂ ಇನ್ನಿಬ್ಬರು ಕುರಿಗಾರರೂ ಬರುತ್ತೇವೆ ಅಂದಿದ್ದಾರೆ. ನೀರು ಹೊರಗೆ ಬರುವ ಜಾಗ ಕೇಳಿದರೆ ಅಪ್ಪ ಕೂತಲ್ಲೇ ಹೇಳುತ್ತಾ ಹೋದರು, ಬರೆದುಕೊಂಡಿದ್ದೇನೆ.

ಇನ್ನೊಂದು ಪ್ರಶ್ನೆ. ಗುಡ್ಡದ ಮೇಲೆ ಹಳೆಯ ಕಲ್ಲುಗೋರಿಗಳಿವೆ, ಹಿರೇಬೆಣಕಲ್‌ನಲ್ಲಿ ಇರುವಂಥವೇ, ಸಣ್ಣವು. ಚಿರತೆ, ಕರಡಿ ಇರುವ ಗವಿಗಳೂ ಇವೆ. ಇವನ್ನೂ ನಕ್ಷೆಯಲ್ಲಿ ಹಾಕಿ ಆನ್‌ಲೈನ್‌ಗೆ ಬಿಡಬಹುದಾ?

ಹಳೇ ಮೋಜಣಿದಾರ:

ಬಿಡಬೇಡ. ಇದರಲ್ಲಿ ಎರಡು ಮಾತಿಲ್ಲ.

ಹಿರೇಬೆಣಕಲ್ ಬೇರೆ. ಅದನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಬರೆದಿಟ್ಟ, ಈಗ ಯುನೆಸ್ಕೋ ಸಂಭಾವ್ಯ ಪಟ್ಟಿಯಲ್ಲೂ ಇದೆ, ಲೋಕಕ್ಕೆಲ್ಲ ಗೊತ್ತು. ಅಲ್ಲೇ ನಿಧಿ ಆಸೆಗೆ ಕಲ್ಲು ಕಿತ್ತವರಿದ್ದಾರೆ. ಕಾವಲಿಲ್ಲದ ನಿಮ್ಮ ಗುಡ್ಡದ ಗೋರಿಗಳ ಜಾಗ ಮೊಬೈಲಿನಲ್ಲಿ ಸಿಕ್ಕರೆ ಉಳಿಯುವುದು ಕಷ್ಟ. ಗವಿಗಳೂ ಹಾಗೆಯೇ. ಆ ಪದರವನ್ನು ಬೇರೆ ಫೈಲಿನಲ್ಲಿ ಇಡು. ಗೋರಿಗಳದ್ದು ಪುರಾತತ್ವ ಇಲಾಖೆಗೆ, ಗವಿಗಳದ್ದು ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೋ. ಪಂಚಾಯ್ತಿ ಗೋಡೆಗೆ ಹಾಕುವ ನಕ್ಷೆಯಲ್ಲಿ ಅವು ಬೇಡ. ಆದರೆ ಗೋರಿ ಇರುವ ಜಾಗದಲ್ಲಿ ಕಂದಕ ಬೀಳದ ಹಾಗೆ ಅಷ್ಟು ಭಾಗವನ್ನು ದೊಡ್ಡದಾಗಿ ಸುತ್ತಿ, ಕೆಲಸ ನಿಷೇಧ ಅಂತ ಮಾತ್ರ ಬರೆ. ಕಾರಣ ಬರೆಯಬೇಡ.

ದೊಣೆಗಳ ವಿಷಯದಲ್ಲಿ ಕುರಿಗಾರರನ್ನೇ ಕೇಳು. ಅವರು ಬೇಡ ಅಂದ ದೊಣೆಯನ್ನು ಹಾಕಬೇಡ. ನೀರು ಅವರದು.

ಮಳೆಗಾಲ ಕಳೆದ ಮೇಲೆ ನಾನೇ ಬರುತ್ತೇನೆ. ನನ್ನ ಹತ್ತಿರ ಹಳೆಯ ಡಂಪಿ ಲೆವೆಲ್ (ದುರ್ಬೀನಿನಿಂದ ಮಟ್ಟ ನೋಡುವ ಉಪಕರಣ) ಇದೆ, ಇನ್ನೂ ಸರಿಯಾಗಿ ಓದುತ್ತದೆ. ತಡೆಗಟ್ಟೆಯ ಜಾಗಕ್ಕೆ ಮಟ್ಟ ತೆಗೆದು ಕೊಡುತ್ತೇನೆ. ಸ್ಟಾಫ್ (ಅಳತೆ ಕೋಲು) ಹಿಡಿಯಲು ಇಬ್ಬರು ಹುಡುಗರನ್ನು ನೋಡಿಟ್ಟಿರು. ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕು, ಬೆಳಿಗ್ಗೆ ಆರಕ್ಕೆಲ್ಲ ಗುಡ್ಡದ ಬುಡದಲ್ಲಿ ಇರಬೇಕಾಗುತ್ತದೆ.